ಜಕ್ಕೂರಿನ ಬಿಸಿಲು ಕೇಂದ್ರಕ್ಕೆ ಸೂರು ಹೊದಿಸಿದ್ದು

ಜಕ್ಕೂರಿನಲ್ಲಿ ಬಿಸಿಲನ್ನು ಸಾರ್ವಜನಿಕ ಸೌಲಭ್ಯವೆಂದು ಅಧಿಕೃತವಾಗಿ ಘೋಷಿಸಲಾಗಿದೆ. ಅದಕ್ಕೂ ಮುಂಚೆ ಅದು ಯಾರ ಅನುಮತಿಯೂ ಇಲ್ಲದೆ ಸುಮ್ಮನೆ ಬೀಳುತ್ತಿತ್ತು.

ಹಳೇ ಊರಿನ ದ್ರೌಪದಮ್ಮನವರ ಮನೆಯ ಮೇಲೆ ಮಾತ್ರ ಬೀಳುತ್ತಿರಲಿಲ್ಲ. ಮೂಡಣಕ್ಕೊಂದು, ಪಡುವಣಕ್ಕೊಂದು ಅಪಾರ್ಟ್‌ಮೆಂಟ್ ಎದ್ದ ಮೇಲೆ ಅವರ ತಾರಸಿಯಲ್ಲಿ ಮೊದಲು ಸಂಡಿಗೆಗೆ ಬೂಸ್ಟು ಹಿಡಿಯಿತು, ಆಮೇಲೆ ಅವರಿಗೇ ನೆಗಡಿ ಹಿಡಿಯಿತು. ನೆಗಡಿ ಹೋದರೆ ಜ್ವರ, ಜ್ವರ ಬಿಟ್ಟರೆ ಕೆಮ್ಮು. ಸೊಸೆ ಸರಳಾ ಒಳ್ಳೆಯವಳೇ; ಆದರೆ ಕೈಗೂಸಿನ ತಾಯಿ.

"ಅತ್ತೆ, ಬೇಜಾರ್ ಮಾಡ್ಕೋಬೇಡಿ. ಕೆಮ್ಮು ನಿಲ್ಲೋವರ್ಗೂ ಪಾಪೂನ ಎತ್ಕೋಬೇಡಿ."

ದ್ರೌಪದಮ್ಮ ಮೊಮ್ಮಗನನ್ನು ಬಾಗಿಲಾಚೆ ನಿಂತು ನೋಡತೊಡಗಿದರು. ಕಂಡವರಿಗೆ ಕರುಳು ಚುರುಕ್ ಎನ್ನುತ್ತಿತ್ತು. ಆದರೆ ಇದು ವರದಿ. ಕರುಳಿಗೆ ಇಲ್ಲಿ ಕಾಲಂ ಇಲ್ಲ.

ಡಾಕ್ಟರ್ ರಮಾ ರಕ್ತ ಪರೀಕ್ಷೆ ಮಾಡಿಸಿದರು. "ವಿಟಮಿನ್ ಡಿ ತುಂಬಾ ಕಮ್ಮಿ ಇದೆ ಅಮ್ಮ. ರೋಗದ ಜೊತೆ ಹೊಡೆದಾಡೋಕೆ ಮೈಗೆ ಅದೂ ಬೇಕು. ಅದೊಂದರಿಂದಲೇ ಎಲ್ಲಾ ವಾಸಿ ಆಗುತ್ತೆ ಅನ್ನಲ್ಲ. ಆದ್ರೆ ಅದಿಲ್ದೆ ಆಗಲ್ಲ. ಸದ್ಯಕ್ಕೆ ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೊಳಿ, ಆಮೇಲೆ ಮಾತ್ರೆ ನೋಡೋಣ."

ಕೆರೆಯ ಪಕ್ಕದ ಬಯಲಿನಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ದ್ರೌಪದಮ್ಮ ಅಲ್ಲಿ ಬೆನ್ನು ಕಾಯಿಸುತ್ತಾ ಕೂತರು. ಅಪಾರ್ಟ್‌ಮೆಂಟಿನವರೂ ಒಬ್ಬೊಬ್ಬರಾಗಿ ಬಂದರು. ಊರಿನ ಬಿಸಿಲನ್ನು ಅಡ್ಡ ಹಾಕಿಕೊಂಡಿದ್ದವರ ರಕ್ತದಲ್ಲೂ ಅದೇ ಕೊರತೆ, ಯಾಕೆಂದರೆ ಅವರು ಇದ್ದದ್ದೆಲ್ಲ ಗಾಜಿನ ಹಿಂದೆ.

ನಾಲ್ಕು ಜನ ಸೇರಿದ ಕಡೆ ಮುನೀಂದ್ರ ಇರುತ್ತಾನೆ. ಆತ ಸ್ಥಳೀಯ ಮುಖಂಡ. ಬಂದವನೇ ಜನರನ್ನೊಮ್ಮೆ, ಸೂರ್ಯನನ್ನೊಮ್ಮೆ ನೋಡಿ, ಇಷ್ಟು ಒಳ್ಳೆಯ ವಸ್ತು ಬೇಲಿಯಿಲ್ಲದೆ ಬಿದ್ದಿದೆಯಲ್ಲ ಎಂದು ನೊಂದುಕೊಂಡ. ಹೀಗೆ ಬಿಸಿಲು ಮತ್ತು ರೋಗನಿರೋಧಕ ಶಕ್ತಿ ಅಭಿಯಾನ ಹುಟ್ಟಿತು. ಅದರ ಬಿಸಿಲು ಕೇಂದ್ರದ ಅಂದಾಜು ಪಟ್ಟಿ ಮಾಡಲು ಬಿಜಾಪುರ ಕಡೆಯ ಎಂಜಿನಿಯರ್ ಅಪ್ಪಾಸಾಹೇಬ ಬಂದರು.

"ಮ್ಯಾಲ ಛತ್ತ ಇಲ್ಲದ ಕಟ್ಟಡಕ್ಕ ಬಿಲ್ ಆಗಂಗಿಲ್ರೀ," ಎಂದರು ಅಪ್ಪಾಸಾಹೇಬ.

"ಹಾಕ್ಸಿ ಗುರು. ನಮ್ ಭಾಮೈದಂದೇ ಶೀಟ್ ಅಂಗಡಿ ಐತೆ," ಎಂದ ಮುನೀಂದ್ರ.

ದ್ರೌಪದಮ್ಮ ಕಲ್ಲಿನ ಮೇಲಿಂದಲೇ ಕೇಳಿದರು: "ಅಲ್ಲ ಕಣಪ್ಪಾ, ಸೂರು ಆಕಿದ್ರೆ ಬಿಸ್ಲು ಎಂಗ್ ಬೀಳ್ತದೆ?"

"ಬಿಸಲಿನ ಬಾಬ್ತು ಬ್ಯಾರೆ ಇಲಾಖೆರೀ ಅಜ್ಜಿ. ನಮ್ದು ಕೇಂದ್ರ ಅಷ್ಟ."

ಉತ್ತರ ಸಮರ್ಪಕವಾಗಿದ್ದರಿಂದ ಬೇಲಿ ಬಂತು, ಸೂರು ಬಂತು, ಸೂರಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಚಪ್ಪಡಿ ಕಲ್ಲು ನಕ್ಷೆಯಲ್ಲಿ ಇಲ್ಲವಾದ್ದರಿಂದ ಕಿತ್ತು ಸಾಗಿಸಿದರು. ಗೇಟಿನಲ್ಲಿ ಪ್ರಕಟಣೆ ತೂಗಿತು:

"ಫಲಾನುಭವಿಗಳು ಕೇಂದ್ರದೊಳಗೆ ಮಾತ್ರ ಬಿಸಿಲು ಕಾಯಿಸಿಕೊಳ್ಳತಕ್ಕದ್ದು. ಹೊರಗಿನ ಬಿಸಿಲಿಗೆ ಮೈಯೊಡ್ಡಿದಲ್ಲಿ ಉಂಟಾಗುವ ಆರೋಗ್ಯಕ್ಕೆ ಅಭಿಯಾನವು ಜವಾಬ್ದಾರಿಯಲ್ಲ."

ದ್ರೌಪದಮ್ಮ ದಿನವೂ ಹೋದರು. ಮೊಮ್ಮಗನನ್ನು ಎತ್ತಿಕೊಳ್ಳಬೇಕೆಂಬ ಆಸೆ ಅಷ್ಟಿತ್ತು. ಒಂದು ದಿನ ಸೂರಿನಂಚಿನ ಕುರ್ಚಿಯಲ್ಲಿ ಕೂತು ಪಾದವನ್ನು ಮೆಲ್ಲಗೆ ಹೊರಗೆ ಚಾಚಿದರು. ಅಂಗಾಲು ಬೆಚ್ಚಗಾಗುವಷ್ಟರಲ್ಲಿ ತಪಾಸಣೆಗೆ ಬಂದಿದ್ದ ಅಪ್ಪಾಸಾಹೇಬರ ದನಿ ಬಂತು: "ಅಜ್ಜಿ, ಕಾಲು ಒಳಗ ತಗೋರಿ! ಹೊರಗ ಬಿಸಲೈತಿ!" ಅಜ್ಜಿ ಕಾಲು ಎಳೆದುಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಸುತ್ತ ನೋಡಿದರು.

ಮತ್ತೆ ರಕ್ತ ಪರೀಕ್ಷೆಯಾಯಿತು. ವಿಟಮಿನ್ ಇನ್ನಷ್ಟು ಇಳಿದಿತ್ತು. ಡಾಕ್ಟರ್ ರಮಾ ಕೇಳಿದರು: "ಬಿಸಿಲಲ್ಲಿ ಕೂರ್ತಿದೀರಾ?"

"ಒಂದ್ ದಿನಾನೂ ತಪ್ಪಿಸಿಲ್ಲ ಕಣಮ್ಮ. ನೋಡು, ಆಜರಿ ಐತೆ."

ಕೇಂದ್ರದ ಚೀಟಿಯಲ್ಲಿ ಹಾಜರಿ ಇತ್ತು, ಮೊಹರೂ ಇತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮುನೀಂದ್ರ ಮಾತ್ರೆಗೆ ಆಕ್ಷೇಪಣೆ ಎತ್ತಿದ: ಕೇಂದ್ರ ನಡೆಯುತ್ತಿರುವಾಗ ಮಾತ್ರೆ ನುಂಗುವುದು ಅಭಿಯಾನಕ್ಕೆ ಅವಮಾನ. ದ್ರೌಪದಮ್ಮ ದಾಕ್ಷಿಣ್ಯದ ಜೀವ. ಮಾತ್ರೆಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದರು. ಆ ದಾಕ್ಷಿಣ್ಯಕ್ಕೆ ಬೆಂಕಿ ಬೀಳಲಿ.

ಈ ನಿಷ್ಠೆಗಾಗಿ ಅವರಿಗೆ ಕೇಂದ್ರದಲ್ಲಿ ಸನ್ಮಾನವಾಯಿತು. ಹೆಗಲ ಮೇಲಿದ್ದ ಅಷ್ಟಿಷ್ಟು ಬೆಳಕನ್ನೂ ಶಾಲು ಮುಚ್ಚಿತು. ಸರಳಾ ಮಗುವನ್ನೆತ್ತಿಕೊಂಡು ಬೇಲಿಯಾಚೆ, ಎಳೆಬಿಸಿಲಿನಲ್ಲಿ ನಿಂತಿದ್ದಳು. ಮಗು ಕಣ್ಣು ಕಿರಿದು ಮಾಡಿ ನಗುತ್ತಿತ್ತು.

ದ್ರೌಪದಮ್ಮ ಗಾಬರಿಯಿಂದ ಎದ್ದು ನಿಂತರು. "ಅಯ್ಯೋ ಸರಳಾ, ಮಗೀನ್ ಮೇಲೆ ಬಿಸ್ಲು ಬೀಳ್ತೈತೆ! ಒಳೀಕೆ ಬಾ!"

ಸರಳಾ ಒಳಗೆ ಬಂದಳು. ಮಗುವಿನ ಹೆಸರನ್ನು ಅಂದೇ ನೋಂದಾಯಿಸಲಾಯಿತು. ಅಂದಿನಿಂದ ಅವರು ಮೂವರೂ ದಿನಾ ಬರುತ್ತಾರೆ.

ಈಚೆಗೆ ಮಗುವಿಗೂ ಕೆಮ್ಮು ಶುರುವಾಗಿದೆ. ಇನ್ನು ಅಂಟಿಕೊಳ್ಳಲು ಏನೂ ಉಳಿದಿಲ್ಲವಾದ್ದರಿಂದ ಅಜ್ಜಿ ಅದನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲವೆಂದು ಸರಳಾ ಒಪ್ಪಿದ್ದಾಳೆ. ದ್ರೌಪದಮ್ಮ ಸೂರಿನ ಕೆಳಗೆ ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು, ಇದೆಲ್ಲ ಕೇಂದ್ರದ ಪುಣ್ಯ ಎಂದು ಬಂದವರಿಗೆಲ್ಲ ಹೇಳುತ್ತಿರುತ್ತಾರೆ.