ಅಟ್ಟದ ಕಾಯಿ, ನೆಲದ ಪೈಪು

ನೆಲದ ಮೇಲಿನ ಜಾಗಕ್ಕೆ ಜನ ಜಗಳ ಆಡುವುದನ್ನು ಎಲ್ಲರೂ ನೋಡಿರುತ್ತಾರೆ. ನೆಲದ ಕೆಳಗಿನ ಜಾಗ ಕೇಳಿಕೊಂಡು ಮನೆ ಮನೆ ಅಲೆಯುವವನಿಗೆ ಏನೇನು ಎದುರಾಗುತ್ತದೆ ಅನ್ನುವುದು ನನ್ನಂಥವನಿಗೇ ಗೊತ್ತು. ಈ ಕೆಲಸಕ್ಕೆ ಇಳಿದ ಮೇಲೆ ಹೊಟ್ಟೆ ತುಂಬ ನಗದ ವಾರವಿಲ್ಲ, ನಕ್ಕು ಮನೆಗೆ ಬಂದ ಮೇಲೆ ಯೋಚನೆಗೆ ಬೀಳದ ದಿನವೂ ಇಲ್ಲ.

ನಾನು ತೆಂಗಿನ ಸೀಮೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಇಂಜಿನಿಯರು. ಊರ ಹೆಸರು ಬೇಡ. ಬೆಳಗ್ಗೆ ತಿಪಟೂರಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಾದಷ್ಟು ದೂರ ಅಂದರೆ ಸಾಕು. ನಮ್ಮ ಮೇಲಿನ ಬೀದಿಯಿಂದ ಕೆಳಬೀದಿಗೆ ಇಳಿಯುವ ಒಳಚರಂಡಿ ಪೈಪು ನಮ್ಮಪ್ಪನ ಕಾಲದ್ದು. ಹಾಕಿದಾಗ ಅದರ ಮೇಲೆ ಬರೀ ತೋಟ ಇತ್ತು, ಈಗ ಹಿತ್ತಿಲು, ಕೊಟ್ಟಿಗೆ, ಬಚ್ಚಲು ಎಲ್ಲ ಬಂದು ಕೂತಿವೆ. ಪೈಪು ಅಲ್ಲಲ್ಲಿ ಒಡೆದು ಒಳಗೆ ತೆಂಗಿನ ಬೇರು ಸೇರಿಕೊಂಡಿದೆ. ಕೊಳಚೆ ನೀರಿಗೆ ಇಳಿಜಾರು ಬೇಕು, ಆದ್ದರಿಂದ ಹೊಸ ಪೈಪನ್ನೂ ಹಳೆಯ ದಾರಿಯಲ್ಲೇ ಹಾಕಬೇಕು. ಅಗೆಯುವುದಕ್ಕೂ ಮುಂದೆ ರಿಪೇರಿಗೆ ಬಂದು ಹೋಗುವುದಕ್ಕೂ ಜಾಗದವರು ಹಕ್ಕು ಬರೆದುಕೊಡಬೇಕು. ಅದನ್ನು ಬರೆಸಿಕೊಂಡು ಬರುವ ಕೆಲಸ ನನ್ನ ತಲೆ ಮೇಲೆ ಬಿತ್ತು.

ಸೋಮವಾರದ ಭಕ್ತಿ

ಕೆಳಬೀದಿಯ ಕೊನೆಯ ಮನೆ ಹೂ ಕಟ್ಟಿ ಮಾರುವ ಹೆಂಗಸಿನದು. ಊರಿಗೆಲ್ಲ ಅವರು ಹೂವಮ್ಮ. ಪೈಪು ಕಟ್ಟಿಕೊಂಡಾಗ ಮೇಲಿನವರ ನೀರೆಲ್ಲ ಅವರ ಬಚ್ಚಲಲ್ಲಿ ಉಕ್ಕುತ್ತದೆ. ನಾನು ನೋಡಲು ಹೋದಾಗ ಬಚ್ಚಲ ತೂಬಿನ ಮೇಲೆ ರುಬ್ಬುವ ಗುಂಡು ಹೇರಿಟ್ಟಿದ್ದರು.

"ದಿನಾ ಉಕ್ಕುತ್ತೇನಮ್ಮಾ?"

"ದಿನಾ ಇಲ್ಲ ಸಾಮಿ. ಸೋಮವಾರ ಜಾಸ್ತಿ."

"ಸೋಮವಾರವೇ ಯಾಕೆ?"

"ಮೇಲಿನ ಬೀದಿಯೋರೆಲ್ಲ ತಲೆಗೆ ನೀರು ಹುಯ್ಕೊಂಡು ಪೂಜೆಗೆ ಕೂರ್ತಾರಲ್ಲ. ಅವರಿಗೆ ಭಕ್ತಿ ಉಕ್ಕಿದಷ್ಟೂ ನನಗೆ ಬಚ್ಚಲು ಉಕ್ತದೆ."

ನಾನು ನಕ್ಕೆ. ಅವರೂ ನಕ್ಕರು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಮಗಳನ್ನು ಶೆಟ್ಟಿಕೆರೆಗೆ ಕೊಟ್ಟಿದ್ದಾರೆ. ಈಗ ಏಳು ತಿಂಗಳು, ಚೊಚ್ಚಲು. ಹೆರಿಗೆಗೆ ತವರಿಗೆ ಬರಬೇಕಾದವಳು. ಆದರೆ ಬೀಗರು ಒಮ್ಮೆ ಬಂದು, ಮೂಗಿಗೆ ವಸ್ತ್ರ ಹಿಡಿದುಕೊಂಡು, "ಈ ವಾಸನೇಲಿ ಬಾಣಂತಿ ಎಂಗಿರ್ತಾಳೆ? ನಾವೇ ಇಟ್ಕೋತೀವಿ" ಅಂದು ಹೋಗಿದ್ದಾರೆ.

"ಅವರು ಹೇಳಿದ್ರಲ್ಲಿ ತಪ್ಪಿಲ್ಲ ಸಾಮಿ. ಆದ್ರೆ ಚೊಚ್ಚಲು ಹೆರಿಗೆಗೆ ಬರಬ್ಯಾಡ ಕಣೇ ಅಂತ ಮಗಳಿಗೆ ಯಾವ ಬಾಯಲ್ಲಿ ಹೇಳ್ಲಿ?"

ನನಗೆ ಸಂಕಟವಾಯಿತು. ಮಳೆಗಾಲ ಮುಗಿಯುವುದರೊಳಗೆ ಮಾಡಿಸಿಕೊಡುತ್ತೇನೆ ಅಂದುಬಿಟ್ಟೆ.

"ಮಳೆ ಬುಡಿ, ಅದು ಬಂದ್ರೂ ಬರಬೋದು ಬರದಿದ್ರೂ ಇರಬೋದು. ಶ್ರಾವಣದೊಳಗೆ ಮಾಡ್ಸಿ. ಶ್ರಾವಣ ಸೋಮವಾರ ನನ್ನ ಕೈಲಿ ತಡ್ಯಕ್ಕಾಗಲ್ಲ."

ಅಣ್ಣನ ಎಳನೀರು, ತಮ್ಮನ ಎಳನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಎಳನೀರು ಕೆತ್ತಿ ಕೊಡದೆ ಮಾತು ಶುರು ಮಾಡುವುದಿಲ್ಲ. ಬೇಡ ಅಂದರೆ ಅವರ ತೋಟವನ್ನೇ ಹೀಗಳೆದ ಹಾಗೆ. ದಂಡಿನಶಿವರದ ಕಡೆಯಿಂದ ಬಂದು ನೆಲೆಸಿದ ಅಣ್ಣ ತಮ್ಮ ಇಬ್ಬರ ಹಿತ್ತಿಲಲ್ಲಿ ಪೈಪು ಹೋಗುತ್ತದೆ. ಪಾಲಾದ ಮೇಲೆ ನಡುವೆ ಒಂದು ಬೇಲಿ, ಬೇಲಿಗೆ ಎರಡೂ ಕಡೆ ಕಿವಿ.

ಮೊದಲು ಅಣ್ಣನ ಮನೆಗೆ ಹೋಗಿ ಒಂದು ಎಳನೀರು ಕುಡಿದೆ. ತಮ್ಮನ ಮನೆಗೆ ಹೋದರೆ ಅವರು ಎರಡು ಕೆತ್ತಿಟ್ಟುಕೊಂಡೇ ನಿಂತಿದ್ದರು. "ಅಲ್ಲಿ ಕುಡಿದದ್ದು ಸಪ್ಪೆ ಕಣ್ರೀ, ಇದು ಕುಡೀರಿ." ಬೇಲಿಯಾಚೆಯಿಂದ ಅಣ್ಣ ಕೂಗಿದರು: "ಇಂಜಿನಿಯರ್ರೇ, ಹಂಗೆ ಈ ಕಡೆ ಬಂದೋಗಿ, ನಿಮಗೆ ಅಂತಲೇ ಇಟ್ಟಿರೋ ಮರದ್ದು ಬೇರೆ ಐತೆ!"

ಸಂಜೆಗೆ ಸರಿಯಾಗಿ ಇಬ್ಬರೂ ಒಪ್ಪುವ ಹಂತಕ್ಕೆ ಬಂದರು. ಆದರೆ ನಾನು ಆ ಹೊತ್ತಿಗೆ ಜಾಗದ ಹಕ್ಕು ಕೇಳುವ ಸ್ಥಿತಿಯಲ್ಲಿರಲಿಲ್ಲ. ಎರಡೂ ಕಾಲನ್ನು ಒತ್ತಿ ನಿಂತುಕೊಂಡು, "ನಿಮ್ಮ ಟಾಯ್ಲೆಟ್ಟು ಎಲ್ಲಿದೆ?" ಅಂದೆ.

ಅಣ್ಣ ತಮ್ಮ ಇಬ್ಬರೂ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಒಂದೇ ಮಾತು ಆಡಿದರು: "ಅದೇ ಕಟ್ಕೊಂಡೈತೆ ಕಣ್ರೀ, ಅದುಕ್ಕೆ ತಾನೆ ನೀವು ಬಂದಿರೋದು?"

ಮೇಷ್ಟ್ರ ಷರತ್ತು

ಆಮೇಲೆ ಒಬ್ಬ ರಿಟೈರ್ಡ್ ಮೇಷ್ಟ್ರು. ಅವರ ಮೇಲಿನ ಮನೆಯವರು ಕೊಬ್ಬರಿ ವ್ಯಾಪಾರದ ಯಜಮಾನರು, ಮೇಷ್ಟ್ರಿಗೆ ದಾಯಾದಿ. ಯಾವುದೋ ಬದುವಿನ ವಿಷಯಕ್ಕೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಮೇಷ್ಟ್ರು ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿಸಿಕೊಂಡು ಒಂದೇ ಷರತ್ತು ಹಾಕಿದರು.

"ಊರಿನವರದ್ದೆಲ್ಲ ನನ್ನ ಜಾಗದಲ್ಲಿ ಹೋಗಲಿ. ಆ ಮೇಲಿನ ಮನೆಯವನದ್ದು ಮಾತ್ರ ಹೋಗಕೂಡದು."

"ಸಾರ್, ಅದು ಬೆರೆತು ಬರುತ್ತೆ. ಯಾರದ್ದು ಅಂತ ಬೇರೆ ಮಾಡೋಕಾಗಲ್ಲ. ಮೊದಲಿಂದಲೂ ನಿಮ್ಮ ಜಾಗದಲ್ಲೇ ಹೋಗ್ತಿದೆ."

ಮೇಷ್ಟ್ರ ಮುಖ ಕಪ್ಪಿಟ್ಟಿತು. ತಾವು ಕೂತಿದ್ದ ನೆಲವನ್ನೇ ಒಂದು ಸಲ ನೋಡಿಕೊಂಡರು. ಎದ್ದು ಒಳಗೆ ಹೋಗುವವರಿದ್ದರು, ಬಾಗಿಲ ಹತ್ತಿರ ನಿಂತು ಕೇಳಿದರು: "ಹಂಗಾದ್ರೆ ನಮ್ಮದು ಎಲ್ಲಿ ಹೋಗ್ತದೆ?"

"ಕೆಳಗಡೆ ಅವರದೇ ಕೊಬ್ಬರಿ ಮನೆ ಇದೆಯಲ್ಲ ಸಾರ್, ಅದರಡಿಗೆ."

"ಎಲ್ರೀ ಸೈನು ಹಾಕಬೇಕು?"

ಇನ್ನೂ ನೀರೈತೆ

ಉಳಿದದ್ದು ಆ ಕೊಬ್ಬರಿ ಮನೆ ಒಂದೇ. ಅದರ ಅಟ್ಟದ ತುಂಬ ಕಾಯಿ. ನಮ್ಮಲ್ಲಿ ಕಾಯನ್ನು ಅಟ್ಟಕ್ಕೆ ಏರಿಸಿದರೆ ವರ್ಷದ ಹತ್ತಿರ ಮುಟ್ಟುವುದಿಲ್ಲ. ಒಳಗಿನ ನೀರು ಪೂರ್ತಿ ಆರಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅಷ್ಟರೊಳಗೆ ಕದಲಿಸಿದರೆ ಕೊಳೆಯುತ್ತದೆ ಅನ್ನುವುದು ಯಜಮಾನರ ನಂಬಿಕೆ. ಅಟ್ಟದ ಮೇಲೆ ಅಷ್ಟು ಭಾರ ಇಟ್ಟುಕೊಂಡು ಕಂಬದ ಬುಡ ಅಗೆಯುವುದು ಅಪಾಯ ಅನ್ನುವುದು ನನ್ನ ಲೆಕ್ಕ.

ನಾನು ಹೋದಾಗಲೆಲ್ಲ ಯಜಮಾನರು ಏಣಿ ಹತ್ತಿ ಒಂದು ಕಾಯಿ ತರುತ್ತಿದ್ದರು. ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಅಲ್ಲಾಡಿಸುತ್ತಿದ್ದರು. "ಇನ್ನೂ ನೀರೈತೆ. ದೀಪಾವಳಿ ಕಳೀಲಿ, ಬರಕೊಡ್ತೀನಿ." ಮೇಲಧಿಕಾರಿಗಳು ಫೋನಿನಲ್ಲಿ ಕೆಲಸ ಎಲ್ಲಿಗೆ ಬಂತು ಅಂತ ಕೇಳಿದರೆ, "ಇನ್ನೂ ಕಾಯಿ ಒಣಗಿಲ್ಲ ಸಾರ್" ಅನ್ನುತ್ತಿದ್ದೆ. ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಆಷಾಢದ ಒಂದು ಬೆಳಗ್ಗೆ ಯಜಮಾನರ ಮೇಲಿನ ಮನೆಗೇ ಹೋಗಿದ್ದೆ. ಯಜಮಾನರು ಕೊಬ್ಬರಿ ಮನೆಯಿಂದ ತಂದ ಕಾಯಿ ಅಲ್ಲಾಡಿಸುತ್ತಿರುವಾಗ ಹೂವಮ್ಮ ಪೂಜೆಯ ಹೂ ಕೊಡಲು ಬಂದರು. ದಿನಾ ಕೊಡುವ ಮನೆ ಅದು. ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡೇ ಕೇಳಿದರು.

"ಏನಂತೆ ಯಜಮಾನ್ರೇ ಕಾಯಿ?"

"ಇನ್ನೂ ನೀರೈತೆ ಕಣಮ್ಮಾ."

"ನನ್ನ ಮಗಳ ಹೊಟ್ಟೇಲೂ ಒಂದೈತೆ. ಅದನ್ನ ಎಂಗೆ ಅಲ್ಲಾಡ್ಸಿ ನೋಡೋದು ಯೋಳಿ. ದೀಪಾವಳಿ ತಂಕ ತಡೀಯಪ್ಪಾ, ಯಜಮಾನ್ರ ಕೊಬ್ಬರಿ ಆಗ್ಲಿ ಅಂದ್ರೆ ಅದು ತಡೀತದಾ?"

ನನಗೆ ನಗು ಬಂತು, ಆದರೆ ಯಾರೂ ನಗಲಿಲ್ಲ. ಒಳಗಿನಿಂದ ಯಜಮಾನಿ ಬಂದು ಹೂ ತೆಗೆದುಕೊಂಡರು.

"ಏನ್ರೀ, ನಮ್ಮ ಇಬ್ಬರು ಹೆಣ್ಣುಮಕ್ಕಳ ಬಾಣಂತನಾನೂ ಇದೇ ಮನೇಲಿ ಮಾಡಿದ್ನಲ್ಲ. ಹಂಡೆ ಹಂಡೆ ನೀರು ಕಾಯ್ಸಿ ಹುಯ್ದಿದ್ದು ಎಲ್ಲಿಗೆ ಹೋಯ್ತು ಅಂದ್ಕೊಂಡಿದ್ದೀರಿ?"

ಹೂವಮ್ಮ ತಲೆ ತಗ್ಗಿಸಿದ್ದರು. ಆ ಬಾಣಂತಿಯರಿಗೂ ಹೂ ಕಟ್ಟಿ ಕೊಟ್ಟವರು ಅವರೇ, ಆ ನೀರನ್ನು ತಮ್ಮ ಬಚ್ಚಲಿಂದ ಮೊಗೆದು ಹೊರಗೆ ಚೆಲ್ಲಿದವರೂ ಅವರೇ. ಅಷ್ಟು ವರ್ಷ ಅದನ್ನು ಬಾಯಿಬಿಟ್ಟು ಅಂದಿರಲಿಲ್ಲ.

"ಕಾಯಿ ಇಳಿಸಾಣ," ಅಂದರು ಯಜಮಾನರು ಕೊನೆಗೆ. "ಆದ್ರೆ ಒಂದೂ ಸದ್ದಾಗಬಾರ್ದು."

ಇಳಿಸಿ ಇಡುವುದು ಎಲ್ಲಿ? ಹತ್ತಿರದಲ್ಲಿ ಖಾಲಿ ಅಟ್ಟ ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ನಾನು ಹೆದರುತ್ತಲೇ ಕೇಳಿದೆ. "ಹಾಕ್ಕೊಳ್ಳಲಿ. ಅವನದ್ದು ಕೆಳಗೆ ಹೋಗೋದಕ್ಕೇ ಬಿಟ್ಟಿದ್ದೀನಿ, ಮೇಲೆ ಇಡೋದಕ್ಕೆ ಏನು?" ಅಂದರು ಮೇಷ್ಟ್ರು.

ಕೆಳಬೀದಿಯವರೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ಕಾಯಿ ದಾಟಿಸಿದರು. ಯಜಮಾನರು ಸಾಲಿನ ಉದ್ದಕ್ಕೂ ಓಡಾಡುತ್ತ, "ಮೆಲ್ಲಗೆ ಕಣ್ರಪ್ಪ, ಅಲ್ಲಾಡಿಸಬ್ಯಾಡ್ರಿ" ಅಂತ ಬೇಡಿಕೊಳ್ಳುತ್ತಿದ್ದರು. ಅಂದಿನಿಂದ ಮೇಷ್ಟ್ರು ದಿನಾ ಸಂಜೆ ಒಂದು ಕಾಯಿ ಅಲ್ಲಾಡಿಸಿ ನೋಡಿ, "ಇನ್ನೂ ನೀರೈತೆ ಕಣಯ್ಯಾ!" ಅಂತ ಮೇಲಿನ ಮನೆಗೆ ಕೂಗಿ ಹೇಳುವುದು ಶುರುವಾಯಿತು. ಮಾತು ಬಿಟ್ಟವರ ನಡುವೆ ಅದೇ ಮೊದಲ ಮಾತು.

ಹೊಸ ಪೈಪು ಹಾಕಿ ಮುಗಿಸಿದ ಮೇಲೆ, ಶ್ರಾವಣದ ಮೊದಲ ಸೋಮವಾರ ನಾನು ಬೆಳಗ್ಗೆಯೇ ಹೂವಮ್ಮನ ಬಚ್ಚಲಿಗೆ ಹೋಗಿ ನಿಂತೆ. ಮೇಲಿನ ಬೀದಿಯಲ್ಲಿ ಗಂಟೆ ಬಾರಿಸುವ ಸದ್ದು ಜೋರಾಗಿಯೇ ಕೇಳುತ್ತಿತ್ತು. ತೂಬು ಒಣಗಿತ್ತು. ರುಬ್ಬುವ ಗುಂಡು ಒರಳಿಗೆ ವಾಪಸ್ ಹೋಗಿತ್ತು. ಆ ವಾರವೇ ಶೆಟ್ಟಿಕೆರೆಯಿಂದ ಮಗಳು ಬಂದಳು.

ತೊಟ್ಟಿಲಿಗೆ ಹಾಕುವ ದಿನ ಎಲ್ಲರನ್ನೂ ಕರೆದಿದ್ದರು. ಯಜಮಾನರು ಬಿಳಿ ಪಂಚೆ, ಗರಿಗರಿ ಜುಬ್ಬ ತೊಟ್ಟು ಮೇಷ್ಟ್ರ ಜೊತೆಗೇ ಬಂದರು. ಹೂವಮ್ಮ ಮೊಮ್ಮಗನನ್ನು ತಂದು ಅವರ ಕೈಗೆ ಇಟ್ಟರು. ಅವರು ಎರಡೂ ಕೈಯಲ್ಲಿ ಮಗುವನ್ನು ಹಿಡಿದು, ಜೀವಮಾನದ ಅಭ್ಯಾಸ ನೋಡಿ, ಕಿವಿಯ ಹತ್ತಿರ ಎತ್ತಿಕೊಂಡು, ಕಣ್ಣು ಮುಚ್ಚಿ, ಒಂದೇ ಒಂದು ಸಲ ಮೆಲ್ಲಗೆ ತೂಗಿದರು.

ಮಗು ಜುಬ್ಬದ ಮೇಲಿಂದ ಪಂಚೆಯವರೆಗೆ ಧಾರಾಳವಾಗಿ ಹೊಯ್ದುಬಿಟ್ಟಿತು.

ಯಜಮಾನರು ಕಣ್ಣು ತೆರೆಯದೆ ಹೇಳಿದರು: "ಇನ್ನೂ ನೀರೈತೆ."

"ಹೋಗ್ಲಿ ಬುಡಿ ಯಜಮಾನ್ರೇ," ಅಂದರು ಹೂವಮ್ಮ, "ಈಗ ಹೋಗಕ್ಕೆ ದಾರಿ ಐತಲ್ಲ."