ಒಂದು ಜೋಡಿ ಕಣ್ಣಿನ ಮಂಜೂರಾತಿ

ಮನುಷ್ಯನಿಗೆ ಎರಡು ಕಣ್ಣುಗಳಿವೆ ಎಂಬ ಸಂಗತಿಯನ್ನು ದೃಷ್ಟಿ ಇಲಾಖೆಯು ತಾತ್ವಿಕವಾಗಿ ಒಪ್ಪಿಕೊಂಡಿದ್ದು, ಆಡಳಿತದ ಅನುಕೂಲಕ್ಕಾಗಿ ಅವುಗಳನ್ನು ಎರಡು ಪ್ರತ್ಯೇಕ ವಿಭಾಗಗಳಿಗೆ ಹಂಚಿಕೊಟ್ಟಿದೆ. ಬಲಗಣ್ಣು ವಿಭಾಗವು ರಸ್ತೆಯ ಈಚೆ ಬದಿಯ ಹಳದಿ ಕಟ್ಟಡದಲ್ಲಿಯೂ, ಎಡಗಣ್ಣು ವಿಭಾಗವು ಆಚೆ ಬದಿಯ ಹಸಿರು ಕಟ್ಟಡದಲ್ಲಿಯೂ ಕಾರ್ಯನಿರ್ವಹಿಸುತ್ತಿವೆ. ಹಿಂದೆ ಎರಡೂ ಕಣ್ಣುಗಳನ್ನು ಒಬ್ಬನೇ ಅಧಿಕಾರಿ ಒಂದೇ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ ಕಾಲವೂ ಇತ್ತು. ಆದರೆ ಬಡ್ತಿಗೆ ಅರ್ಹರಾದವರು ಇಬ್ಬರಾಗಿ, ಮೇಲಿನ ಹುದ್ದೆ ಒಂದೇ ಆದ್ದರಿಂದ ಕಣ್ಣುಗಳನ್ನು ಭಾಗ ಮಾಡುವುದು ಅನಿವಾರ್ಯವಾಯಿತು. ಮೂಗು ಯಾರ ಪಾಲಿಗೆ ಸೇರಬೇಕೆಂಬುದು ಮಾತ್ರ ಬಗೆಹರಿಯದೆ, ಅದಕ್ಕೊಂದು ಸಮಿತಿ ರಚಿಸಲಾಯಿತು. ಸಮಿತಿಯ ಅಧ್ಯಕ್ಷರು ಮೂಗುಗಳ ಅಧ್ಯಯನಕ್ಕಾಗಿ ಇಂದಿಗೂ ವಿದೇಶ ಪ್ರವಾಸದಲ್ಲಿದ್ದಾರೆ.

ಈ ವ್ಯವಸ್ಥೆಯಿಂದ ಯಾರಿಗಾದರೂ ತೊಂದರೆಯಾಗಿದೆ ಎಂಬ ದೂರು ಇಲಾಖೆಗೆ ಬಂದಿಲ್ಲ. ದೂರಿನ ಮೇಲೆ ಎರಡೂ ವಿಭಾಗಗಳ ಮುದ್ರೆ ಇರಬೇಕೆಂಬ ನಿಯಮವಿದೆ.

ಊರೆಲ್ಲ ಪೀಪಿ ಎಂದು ಕರೆಯುತ್ತಿದ್ದ ಫುಟ್‌ಬಾಲ್ ರೆಫರಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ಮಾಡಿದ ತಪ್ಪೆಂದರೆ ಸೆಮಿಫೈನಲ್ ದಿನ ಚೆಂಡಿಗೆ ಮುಖ ಕೊಟ್ಟಿದ್ದು, ಅಷ್ಟೆ. ಕನ್ನಡಕ ಪುಡಿಪುಡಿಯಾಯಿತು. ಆದರೂ ಅವನು ಎದೆಗುಂದದೆ ಓಡಾಡಿ ಪಂದ್ಯ ಮುಗಿಸಿದ. ಗೆರೆಯ ಪಕ್ಕದಲ್ಲಿ ಬಿದ್ದುಕೊಂಡಿದ್ದವನೊಬ್ಬನಿಗೆ "ಏಳೋ ಮೇಲೆ, ನಾಟಕ ಆಡ್ಬೇಡ!" ಎಂದು ಗದರಿಸಿ, ಏಳದಿದ್ದಾಗ ಹಳದಿ ಕಾರ್ಡು ತೋರಿಸಿದ. ಅದು ಆಟಗಾರರ ಬಟ್ಟೆ ತುಂಬಿದ ಬ್ಯಾಗು ಎಂದು ಆಮೇಲೆ ತಿಳಿಯಿತು.

ಲೀಗಿನ ಕಾರ್ಯದರ್ಶಿ ಅವನ ಹೆಗಲ ಮೇಲೆ ಕೈಹಾಕಿ ಹೇಳಿದರು: "ನೋಡಪ್ಪಾ, ಬ್ಯಾಗಿನ ವಿಷಯ ನಾನು ಯಾರ ಹತ್ರಾನೂ ಬಾಯಿಬಿಟ್ಟಿಲ್ಲ. ವರದಿಯಲ್ಲಿ ಮಾತ್ರ ಬರೆದಿದ್ದೀನಿ. ಫೈನಲ್‌ಗೂ ನೀನೇ ರೆಫರಿ. ಆದ್ರೆ ಕನ್ನಡಕ ಹಾಕ್ಕೊಂಡು ಬರ್ಬೇಡ. ಕಣ್ಣೊಳಗೇ ಹಾಕೋದು ಬಂದಿದೆಯಲ್ಲ, ಅದನ್ನ ಹಾಕ್ಕೊಂಡು ಬಾ."

ಫೈನಲ್ ಪಂದ್ಯವು ಮೈದಾನದ ಹುಲ್ಲಿನ ಟೆಂಡರು ಇತ್ಯರ್ಥವಾದ ಮೇಲೆ ನಡೆಯಬೇಕಿದ್ದರಿಂದ ಪೀಪಿಗೆ ಬೇಕಾದಷ್ಟು ಕಾಲಾವಕಾಶವಿತ್ತು. ಆದರೂ ಅವನು ಮಾರನೆಯ ದಿನವೇ ಹಳೆಯ ಕನ್ನಡಕದ ಚೀಟಿ ಹಿಡಿದು ಕನ್ನಡಕದ ಅಂಗಡಿಗೆ ಹೋದ. ಇಪ್ಪತ್ತು ವರ್ಷ ಬೇರೆಯವರ ಫೈನಲ್‌ಗಳಲ್ಲಿ ಗೆರೆ ಕಾಯ್ದವನಿಗೆ ಮೊದಲ ಸಲ ನಡುಮೈದಾನ ಸಿಕ್ಕಿತ್ತು.

ಅಂಗಡಿಯಾತ ಚೀಟಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ. "ಇದು ಕನ್ನಡಕದ್ದು. ಕನ್ನಡಕ ಕಣ್ಣಿಂದ ಒಂದು ಬೆರಳು ದೂರ ಕೂರುತ್ತೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತೆ. ಬರೀ ನಂಬರ್ ಇದ್ರೆ ಸಾಲದು. ಕಣ್ಣಿನ ಉಬ್ಬಿಗೆ ಹೊಂದೋ ವಕ್ರತೆ ಬೇಕು, ಅಗಲ ಬೇಕು, ಯಾವ ನಮೂನೆ ಲೆನ್ಸ್ ಅಂತ ಬೇಕು. ಟೋಪಿ ಅಳತೆ ಕೊಟ್ಟು ಬೂಟು ಕೇಳ್ತಿದ್ದೀರಿ ನೀವು."

"ಹಾಗಾದ್ರೆ ಬೂಟಿನ ಅಳತೆ ಎಲ್ಲಿ ಸಿಗುತ್ತೆ?"

"ಬಲಗಣ್ಣಿಗೆ ಹಳದಿ ಕಟ್ಟಡ, ಎಡಗಣ್ಣಿಗೆ ಹಸಿರು. ಎರಡೂ ಚೀಟಿ ತಂದ್ರೆ ನಾನು ತಕ್ಷಣ ಕೊಡ್ತೀನಿ. ಹದಿನೈದು ವರ್ಷದಿಂದ ಲೆನ್ಸ್ ಮಾರ್ತಿದ್ದೀನಿ, ಇನ್ನೂ ಬೋಣಿ ಆಗಿಲ್ಲ."

ಹಳದಿ ಕಟ್ಟಡದ ಸಾಹೇಬರು ಸೌಜನ್ಯವೇ ಮೂರ್ತಿವೆತ್ತಂತಿದ್ದರು. ಪೀಪಿಯ ಗಲ್ಲವನ್ನು ಯಂತ್ರದ ಮೇಲಿರಿಸಿ, ಎಡಗಣ್ಣಿಗೆ ಒಂದು ರಟ್ಟು ಮುಚ್ಚಿದರು. ಆ ಕಣ್ಣು ತಮ್ಮ ವ್ಯಾಪ್ತಿಯ ಹೊರಗಿನದಾದ್ದರಿಂದ ಅದನ್ನು ಆಕಸ್ಮಿಕವಾಗಿ ನೋಡುವುದೂ ನಿಯಮಬಾಹಿರವಾಗಿತ್ತು.

"ನಿಮಗೆ ಸ್ವಲ್ಪ ವಕ್ರತೆ ಇದೆ," ಎಂದರು.

"ಇಲ್ಲ ಸಾರ್, ನಾನು ನೇರ ಮನುಷ್ಯ. ಬೇಕಾದ್ರೆ ಲೀಗಿನಲ್ಲಿ ಕೇಳಿ."

"ಗಾಬರಿ ಬೇಡ. ಇಲ್ಲಿಗೆ ಬಂದವರಿಗೆಲ್ಲ ಇದ್ದೇ ಇದೆ. ನಂಬರ್ ಮೈನಸ್ ಮೂರು."

"ಮೈನಸ್ ಅಂದ್ರೆ ಸಾರ್?"

"ಹತ್ತಿರದ್ದು ಕಾಣುತ್ತೆ, ದೂರದ್ದು ಕಾಣಲ್ಲ ಅಂತ. ನಮ್ಮ ಇಲಾಖೆಯಲ್ಲಿ ಎಲ್ರೂ ಮೈನಸ್ಸೇ."

ಆಮೇಲೆ ಸಾಹೇಬರು ಪರೀಕ್ಷೆಯ ಲೆನ್ಸೊಂದನ್ನು ಬೆರಳ ತುದಿಯಲ್ಲಿಟ್ಟು ಪೀಪಿಯ ಬಲಗಣ್ಣಿಗೆ ಕೂರಿಸಿದರು. ಎರಡು ಸಲ ಕಣ್ಣು ಮಿಟುಕಿಸಿ ಕಿಟಕಿಯಾಚೆ ನೋಡಿದ ಪೀಪಿ ಹಾಗೇ ನಿಂತುಬಿಟ್ಟ. ಎದುರಿನ ಮರದಲ್ಲಿ ಎಲೆಗಳಿದ್ದವು. ಹಸಿರು ಮುದ್ದೆಯಲ್ಲ, ಒಂದೊಂದಾಗಿ ಎಲೆಗಳು, ಅದರಲ್ಲೊಂದು ಎಲೆಗೆ ತೂತು ಬೇರೆ. ಕನ್ನಡಕದ ಚೌಕಟ್ಟಿನ ಆಚೆಗೂ ಪ್ರಪಂಚ ಹರಡಿಕೊಂಡಿರುತ್ತದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ.

"ಸಾಕಾ?" ಎಂದು ಸಾಹೇಬರು ಲೆನ್ಸು ತೆಗೆದುಕೊಂಡರು. ಫೈನಲ್ ಪಂದ್ಯದ ಮುಂದಿನ ಸಾಲಿನ ಪಾಸುಗಳ ಬಗ್ಗೆ ಮಾತುಕತೆಯಾಗಿ, ಅವರ ಮನೆಯಲ್ಲಿ ಎಷ್ಟು ಜನ ಎಂದು ತಿಳಿದ ಮೇಲೆ, ಬಲಗಣ್ಣಿನ ಚೀಟಿ ಅಲ್ಲೇ ಸಹಿಯಾಯಿತು. ಅವಧಿ ಒಂದು ವರ್ಷ.

ಹಸಿರು ಕಟ್ಟಡದ ಮೇಡಂ ಆ ಚೀಟಿಯನ್ನು ಮುಟ್ಟದೆಯೇ ಓದಿದರು.

"ಈ ಬಲಗಣ್ಣು ನಿಮ್ಮದೇನಾ?"

"ನನ್ನ ಮುಖದಲ್ಲೇ ಇದೆಯಲ್ಲ ಮೇಡಂ."

"ಅದು ಸ್ಥಳ ಆಯ್ತು. ನಾನು ಕೇಳಿದ್ದು ಒಡೆತನ."

ಎಡಗಣ್ಣಿನ ಪರೀಕ್ಷೆಗೆ ಬಲಗಣ್ಣಿನ ಆಕ್ಷೇಪಣೆ ಏನೂ ಇಲ್ಲವೆಂದು ಹಳದಿ ಕಟ್ಟಡದಿಂದ ಪತ್ರ ತರಬೇಕಿತ್ತು. ಹಳದಿ ಕಟ್ಟಡದವರು ಹಸಿರು ಕಟ್ಟಡದ ಅಸ್ತಿತ್ವವನ್ನು ಒಪ್ಪಿದಂತಾಗುತ್ತದೆಂದು ಅಂಥ ಪತ್ರ ಕೊಡುತ್ತಿರಲಿಲ್ಲ; ಕೇಂದ್ರ ಕಚೇರಿಗೆ ಬರೆದು ಅಲ್ಲಿಂದ ತರಿಸುತ್ತಿದ್ದರು. ಪತ್ರ ಬಂದು, ಎಡಗಣ್ಣಿನ ಸರದಿ ಬಂದು, ಚೀಟಿ ಕೈಸೇರುವ ಹೊತ್ತಿಗೆ ಬಲಗಣ್ಣಿನ ಚೀಟಿಯ ಅವಧಿ ಮುಗಿದಿರುತ್ತಿತ್ತು. ಬಲಗಣ್ಣನ್ನು ನವೀಕರಿಸುವಷ್ಟರಲ್ಲಿ ಎಡಗಣ್ಣು ತೀರಿರುತ್ತಿತ್ತು. ಕಾಯುವವರ ಬೆಂಚಿನಲ್ಲಿ ಇದರ ಬಗ್ಗೆ ಯಾರಿಗೂ ಬೇಸರವಿರಲಿಲ್ಲ. "ಏನಿಲ್ಲ ಅಂದ್ರೂ ವರ್ಷಕ್ಕೊಂದು ಕಣ್ಣಂತೂ ಗ್ಯಾರಂಟಿ," ಎಂದು ಸಮಾಧಾನ ಹೇಳುತ್ತಿದ್ದರು.

ಆ ಬೆಂಚಿನಲ್ಲೇ ಪೀಪಿಗೆ ಬೇಕರಿಯಾಕೆಯ ಪರಿಚಯವಾದದ್ದು. ಮಡಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇಟ್ಟುಕೊಂಡು, ಮೊಣಕೈವರೆಗೆ ಹಿಟ್ಟು ಹತ್ತಿದ ಕೈಗಳಲ್ಲಿ ತಾಳ ಹಾಕುತ್ತ ಕೂತಿದ್ದಳು.

"ನಿಮ್ಮದು ಯಾವ ಕಣ್ಣು ನಿಂತಿದೆ?" ಎಂದು ಕೇಳಿದಳು.

"ಎಡ. ನಿಮ್ಮದು?"

"ನನ್ನದು ಬಲ. ಎಡಗಣ್ಣಿನ ಫೈಲು ಬೆಣ್ಣೆ ಬಿಸ್ಕತ್ತಿನ ಮೇಲೆ ಜಾರ್ಕೊಂಡು ಬಂದ್ಬಿಡ್ತು, ಮೇಡಂಗೆ ಅಷ್ಟು ಇಷ್ಟ. ಆ ಕಡೆ ಸಾಹೇಬ್ರಿಗೆ ಸಕ್ಕರೆ ಕಾಯಿಲೆಯಂತೆ. ಅಲ್ಲಿಗೆ ಬಂದು ನಿಂತೋಯ್ತು ನೋಡಿ."

"ಈ ಮೇಡಂಗೆ ಫುಟ್‌ಬಾಲ್ ಅಂದ್ರೆ ಆಗಲ್ಲ," ಎಂದು ಪೀಪಿ ನಿಟ್ಟುಸಿರುಬಿಟ್ಟ.

ಬೇಕರಿಯಾಕೆಗೆ ಲೆನ್ಸು ಬೇಕಿದ್ದದ್ದು ಒಲೆಯ ಸಲುವಾಗಿ. ಒಲೆಯ ಬಾಗಿಲು ತೆಗೆದರೆ ಸಾಕು, ಕನ್ನಡಕದ ಮೇಲೆ ಹಬೆ ಕೂತು ಬ್ರೆಡ್ಡು ಕೆಂಪಾಗಿದೆಯೋ ಕಪ್ಪಾಗಿದೆಯೋ ಕಾಣುತ್ತಿರಲಿಲ್ಲ. "ಕನ್ನಡಕ ಬಿಟ್ಟೇಬಿಟ್ಟೆ, ಮೂಗಲ್ಲೇ ನೋಡ್ತೀನಿ," ಎಂದಳು. "ನೆಗಡಿ ಬಂದ ದಿನ ಅಂಗಡಿ ಮುಚ್ಚಿಬಿಡ್ತೀನಿ."

ಪೀಪಿ ಅಲ್ಲಿಂದ ಮುಂದೆ ಕೆಲಸ ಇಲ್ಲದ ದಿನವೂ ಹಸಿರು ಕಟ್ಟಡಕ್ಕೆ ಬರತೊಡಗಿದ. ಬೇಕರಿಯಾಕೆಗೆ ಬಾಕಿಯಿದ್ದದ್ದು ಹಳದಿ ಕಟ್ಟಡದ ಕೆಲಸ. ಆದರೂ ಅವಳು ಹಸಿರು ಕಟ್ಟಡದ ಬೆಂಚಿನಲ್ಲೇ ಕೂರುತ್ತಿದ್ದಳು. ಇದನ್ನು ಇಬ್ಬರೂ ಗಮನಿಸಲಿಲ್ಲ. ಇಲಾಖೆಯೂ ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಬೇಕರಿಯಾಕೆ ಎದ್ದು ಹೋಗಿ ಗೋಡೆಯ ಮೇಲಿನ ನಿಯಮಗಳ ಫಲಕಕ್ಕೆ ಮೂಗು ತಾಗಿಸಿ ನಿಂತಳು. "ಇಲ್ಲಿ ಬನ್ನಿ," ಎಂದು ಕರೆದಳು. ಪೀಪಿಯೂ ಹೋಗಿ ಮೂಗು ತಾಗಿಸಿದ. ಅಲ್ಲಿ ಹೀಗಿತ್ತು: "ಲೆನ್ಸುಗಳನ್ನು ಜೋಡಿಯಾಗಿಯೇ ವಿತರಿಸತಕ್ಕದ್ದು. ಜೋಡಿ ಎಂದರೆ ಒಂದೇ ಮನೆಯ ವಿಳಾಸ ಹೊಂದಿರುವ, ಚಾಲ್ತಿಯಲ್ಲಿರುವ ಒಂದು ಬಲಗಣ್ಣಿನ ಚೀಟಿ ಮತ್ತು ಒಂದು ಎಡಗಣ್ಣಿನ ಚೀಟಿ."

"ಒಂದೇ ಮುಖದಲ್ಲಿ ಇರ್ಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?" ಎಂದು ಅವಳು ಕೇಳಿದಳು.

ಪೀಪಿ ಮತ್ತೊಮ್ಮೆ ಓದಿದ. "ಇಲ್ಲ. ಆದ್ರೆ ಒಂದೇ ಮನೆ ಅಂತ ಇದೆ."

"ಹೌದು. ಅದಿದೆ."

ಪೀಪಿ ಫಲಕದಿಂದ ಮೂಗು ತೆಗೆಯದೆಯೇ, "ಮನೆಯಲ್ಲಿ ನಮ್ಮಕ್ಕ ಇದ್ದಾಳೆ. ಬಾಯಿ ಸ್ವಲ್ಪ ಬಿಸಿ," ಎಂದ.

"ಇರ್ಲಿ ಬಿಡಿ. ನಾನು ಒಲೆ ಮುಂದೆ ನಿಂತು ದುಡಿಯೋಳು."

ಅಕ್ಕ ಹೊಲಿಗೆಯಂಗಡಿ ನಡೆಸುತ್ತಿದ್ದಳು. ತಮ್ಮನ ಮಾತು ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿದಳು.

"ನೋಡೋಕೆ ಹೇಗಿದ್ದಾಳೋ ಹುಡುಗಿ?"

"ಸರಿಯಾಗಿ ಕಾಣ್ಲಿಲ್ಲ ಅಕ್ಕಾ. ಹತ್ತಿರದಿಂದ ಚೆನ್ನಾಗಿದ್ದಾಳೆ."

"ಅವಳಿಗೆ ನೀನು ಕಂಡಿದ್ದೀಯಾ?"

"ಅವಳಿಗೂ ಅಷ್ಟೇ."

"ಸದ್ಯ! ಅವಳಿಗೆ ಲೆನ್ಸ್ ಬರೋದ್ರೊಳಗೆ ಮುಗಿಸಿಬಿಡೋಣ," ಎಂದು ಅಕ್ಕ ಅಳತೆ ಟೇಪು ಕೈಗೆತ್ತಿಕೊಂಡಳು.

ಮದುವೆಯಾದ ವಾರವೇ ಅವನ ಬಲಗಣ್ಣು, ಅವಳ ಎಡಗಣ್ಣು ಸೇರಿಸಿ ಒಂದು ಜೋಡಿ ಎಂದು ಅರ್ಜಿ ಸಲ್ಲಿಕೆಯಾಯಿತು. ಇಲಾಖೆಯಲ್ಲಿ ಸಂಭ್ರಮವೋ ಸಂಭ್ರಮ. ವಿಭಜನೆಯಾದ ಮೇಲೆ ಪೂರ್ತಿಯಾದ ಮೊದಲ ಜೋಡಿ ಅದು. ಆದರೆ ಮಂಜೂರಾತಿಗೆ ಇಬ್ಬರೂ ಅಧಿಕಾರಿಗಳು ಒಬ್ಬರೆದುರು ಒಬ್ಬರು ಸಹಿ ಮಾಡಬೇಕಿತ್ತು. ಸಾಹೇಬರು ಹಸಿರು ಕಟ್ಟಡಕ್ಕೆ ಕಾಲಿಡುವಂತಿಲ್ಲ, ಮೇಡಂ ಹಳದಿ ಕಟ್ಟಡಕ್ಕೆ. ಕೊನೆಗೆ ಇಬ್ಬರೂ ರಸ್ತೆಯ ನಟ್ಟನಡುವೆ ಭೇಟಿಯಾಗಿ, ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟಿನ ಮೇಲೆ ಕಾಗದವಿಟ್ಟು ಸಹಿ ಮಾಡಿದರು. ಎರಡೂ ಕಡೆ ವಾಹನಗಳು ನಿಂತವು. ಸಾಹೇಬರು, "ನಿಮ್ಮ ಎಡ ಹೇಗಿದೆ ಮೇಡಂ?" ಎಂದು ವಿಚಾರಿಸಿದರು. "ನಡೀತಿದೆ. ನಿಮ್ಮ ಬಲ?" ಎಂದರು ಮೇಡಂ. ಸ್ಕೂಟರಿನವನೂ ಸಾಕ್ಷಿ ಎಂದು ಸಹಿ ಹಾಕಿದ.

ಮಾರನೆಯ ದಿನ ಪ್ರಕಟಣೆ ಹೊರಟಿತು: "ಇಲಾಖೆಯ ಅವಿರತ ಶ್ರಮದ ಫಲವಾಗಿ ಪ್ರಸಕ್ತ ಸಾಲಿನಲ್ಲಿ ಒಂದು ಜೋಡಿ ದೃಷ್ಟಿಯನ್ನು ಸಂಪೂರ್ಣಗೊಳಿಸಲಾಗಿದೆ. ಅರ್ಧ ದೃಷ್ಟಿಯುಳ್ಳ ಅವಿವಾಹಿತ ನಾಗರಿಕರು ಇದರ ಸದುಪಯೋಗ ಪಡೆಯತಕ್ಕದ್ದು. ವಿವಾಹಿತರು ತಮ್ಮ ಸಂಗಾತಿಯ ಯಾವ ಕಣ್ಣು ಬಾಕಿಯಿದೆ ಎಂದು ಮನೆಯಲ್ಲೇ ವಿಚಾರಿಸಿಕೊಳ್ಳತಕ್ಕದ್ದು." ಇದರ ಬೆನ್ನಲ್ಲೇ ಜೋಡಣೆ ವಿಭಾಗವೆಂಬ ಮೂರನೆಯ ವಿಭಾಗ ಮಂಜೂರಾಗಿ, ಅದಕ್ಕೊಂದು ಮೇಲಿನ ಹುದ್ದೆ ಸೃಷ್ಟಿಯಾಯಿತು. ಅದಕ್ಕೆ ಸಾಹೇಬರೂ ಮೇಡಮ್ಮೂ ಅರ್ಹರಿದ್ದುದರಿಂದ ಅದನ್ನೂ ಭಾಗ ಮಾಡುವ ಪ್ರಸ್ತಾವನೆ ಪರಿಶೀಲನೆಯಲ್ಲಿದೆ.

ಅಂಗಡಿಯಾತ ಬೋಣಿಯ ಖುಷಿಗೆ ಕಣ್ಣೊರೆಸಿಕೊಂಡು ಲೆನ್ಸು ಕೊಟ್ಟ. ಕೈ ತೊಳೆದುಕೊಂಡು, ಕನ್ನಡಿಯ ಮುಂದೆ ಒದ್ದಾಡಿ, ಅವನು ಬಲಗಣ್ಣಿಗೆ, ಅವಳು ಎಡಗಣ್ಣಿಗೆ ಹಾಕಿಕೊಂಡು ತಿರುಗಿದರು. ಪೀಪಿ ಉಳಿದ ಕಣ್ಣು ಮುಚ್ಚಿ ಅವಳನ್ನು ನೋಡಿದ. ಅವಳ ಹುಬ್ಬಿನ ಮೇಲೊಂದು ಸಣ್ಣ ಸುಟ್ಟ ಗಾಯದ ಕಲೆ ಇತ್ತು.

"ಏನು, ಹೇಗಿದ್ದೀನಿ?" ಎಂದಳು.

"ಅರ್ಧಕ್ಕೇ ಇಷ್ಟು ಚೆನ್ನಾಗಿದ್ದೀಯ," ಎಂದ ಪೀಪಿ.

ಹುಲ್ಲಿನ ಟೆಂಡರು ಮುಗಿದು ಫೈನಲ್ ಬಂತು. ರೆಫರಿಯ ದೃಷ್ಟಿ ಇಬ್ಬರ ಹೆಸರಿನಲ್ಲಿ ಮಂಜೂರಾಗಿರುವುದರಿಂದ ಇಬ್ಬರೂ ಮೈದಾನದಲ್ಲಿರತಕ್ಕದ್ದೆಂದು ಲೀಗು ಸುತ್ತೋಲೆ ಹೊರಡಿಸಿತು. ಬಲ ಅರ್ಧದಲ್ಲಿ ಪೀಪಿ ಓಡಿದ, ಎಡ ಅರ್ಧದಲ್ಲಿ ಬೇಕರಿಯಾಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದಳು. ಅವಳ ಶಿಳ್ಳೆ ಅವನದಕ್ಕಿಂತ ಜೋರಾಗಿತ್ತು. ಮುಂದಿನ ಸಾಲಿನಲ್ಲಿ ಬಲಗಣ್ಣು ವಿಭಾಗದ ಸಾಹೇಬರು ಸಕುಟುಂಬ ಕೂತು ಚಪ್ಪಾಳೆ ತಟ್ಟಿದರು.

ಆಟ ಮುಗಿಯಲು ಇನ್ನೇನು ಎನ್ನುವಾಗ ಚೆಂಡು ಕಂಬಕ್ಕೆ ಬಡಿದು ಗೆರೆಯ ಮೇಲೆ ಬಿದ್ದು ಆಚೆ ಚಿಮ್ಮಿತು. ಮೈದಾನವೆಲ್ಲ ಎದ್ದು ನಿಂತಿತು. ಎಡಗಡೆಯಿಂದ ನೋಡಿದ ಬೇಕರಿಯಾಕೆ ಗೋಲೆಂದು ಕೈ ಎತ್ತಿದಳು. ಬಲಗಡೆಯಿಂದ ನೋಡಿದ ಪೀಪಿ ಅಲ್ಲವೆಂದು ಕೈ ಬೀಸಿದ.

ಗೋಲಾದರೆ ಸೋಲುವ ಕಡೆಯ ನಾಯಕ ಏದುಸಿರು ಬಿಡುತ್ತ ಬಂದ. "ಏನಕ್ಕಾ, ದಾಟಿತ್ತಾ?"

"ನನ್ನ ಕಡೆಯಿಂದ ದಾಟಿತ್ತಪ್ಪಾ."

"ಅಣ್ಣಾ, ನಿಮ್ಮ ಕಡೆಯಿಂದ?"

"ದಾಟಿಲ್ಲ ಕಣೋ. ಆದ್ರೆ ಅವಳು ಸುಳ್ಳು ಹೇಳೋಳಲ್ಲ."

"ನೀವೂ ಹೇಳೋರಲ್ಲ," ಎಂದ ನಾಯಕ. ಎದುರು ತಂಡದ ನಾಯಕನೂ ತಲೆಯಾಡಿಸಿದ. ಕಾರ್ಯದರ್ಶಿಗಳು ಧ್ವನಿವರ್ಧಕದಲ್ಲಿ ಫಲಿತಾಂಶ ಘೋಷಿಸಿದರು: ಎಡಗಣ್ಣಿನ ಪ್ರಕಾರ ಒಂದು ಸೊನ್ನೆ, ಬಲಗಣ್ಣಿನ ಪ್ರಕಾರ ಸೊನ್ನೆ ಸೊನ್ನೆ, ಎರಡನ್ನೂ ಅಂತಿಮವೆಂದು ಪರಿಗಣಿಸತಕ್ಕದ್ದು. ಎಡಗಡೆ ಕೂತಿದ್ದವರು ಗೆಲುವಿಗೆ ಕುಣಿದರು, ಬಲಗಡೆ ಕೂತಿದ್ದವರು ಸೋಲದಿದ್ದಕ್ಕೆ ಕುಣಿದರು, ಯಾರೊಬ್ಬರೂ ದೂರು ಕೊಡಲಿಲ್ಲ. ಬೇಕರಿಯಾಕೆ ಗಂಡನ ಬಳಿ ಬಂದು ನಿಂತು ಬೆವರೊರೆಸಿಕೊಂಡಳು.

"ನಿಜಕ್ಕೂ ದಾಟಿತ್ತು ಕಣ್ರೀ," ಎಂದಳು.

"ಮುಂದಿನ ವರ್ಷ ನೋಡೋಣ," ಎಂದ ಪೀಪಿ. "ಆಗ ನನ್ನ ಎಡಗಣ್ಣಿನ ಸರದಿ."