ಕೋಚ್ ಲೂಮಿಸ್ ಮನೆಗೆ ಹೋದ ಕೋಳಿ-ಅನ್ನ

ಪ್ರಿಯ ಸಹೋದರ ಸಹೋದರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಕಿವಿಗೊಡಿ. ಅಲಬಾಮಾದ ನಮ್ಮ ಮಲ್ಬರಿ ಬೀದಿಯ ಹಾಲಿಸ್ ಪೆಟಸ್‌ಗೆ ಒದಗಿದ ಧರ್ಮಸಂಕಟವನ್ನು ಹೇಳುತ್ತೇನೆ. ಹಾಲಿಸ್ ಸಜ್ಜನ. ಭಾನುವಾರದ ಬೈಬಲ್ ತರಗತಿಯಲ್ಲಿ ಕ್ಷಮಾಗುಣವನ್ನು ಕುರಿತು ಕೇಳುವವರ ಕಣ್ಣು ಒದ್ದೆಯಾಗುವಂತೆ ಬೋಧಿಸಬಲ್ಲವನು. ಆದರೆ ಊರ ಕಾಲೇಜಿನ ಫುಟ್‌ಬಾಲ್ ತಂಡದ ಮಾತು ಬಂತೆಂದರೆ ಆ ಕ್ಷಮಾಗುಣ ಮೈದಾನದ ಗೇಟಿನ ಹೊರಗೇ ನಿಂತುಬಿಡುತ್ತಿತ್ತು.

ಆ ಬೇಸಿಗೆಯಲ್ಲಿ ಮುಖ್ಯ ಕೋಚ್ ಮೂವರು ಹೊಸ ಸಹಾಯಕರನ್ನು ನೇಮಿಸಿದ. ಒಬ್ಬ ಅವನ ಹೆಂಡತಿಯ ಸೋದರಸಂಬಂಧಿ. ಇನ್ನೊಬ್ಬನಿಗೆ ಗಡ್ಡವೇ ಸರಿಯಾಗಿ ಮೂಡಿರಲಿಲ್ಲ. ಮೂರನೆಯವನು ಲೂಮಿಸ್, ಮುಖ್ಯ ಕೋಚ್‌ನ ಹಳೆಯ ರೂಮ್‌ಮೇಟ್. ತಂಡದ ರಕ್ಷಣಾಪಡೆಯನ್ನು ಅವನ ಕೈಗೇ ಒಪ್ಪಿಸಲಾಗಿತ್ತು. ಅವನು ಹಿಂದೆ ಕಲಿಸಿದ ತಂಡದ ಮೇಲೆ ಎದುರಾಳಿಗಳು ಓಡುವ ಕಷ್ಟವನ್ನೂ ತೆಗೆದುಕೊಳ್ಳದೆ ಮದುವೆ ದಿಬ್ಬಣದಂತೆ ಚೆಂಡು ಹೊತ್ತು ನಡೆದೇ ಅಂಕದ ಗೆರೆ ದಾಟುತ್ತಿದ್ದರೆಂದು ಪ್ರತೀತಿ.

"ಇವನು ತಂಡ ಕಟ್ತಿದಾನೋ, ನೆಂಟರನ್ನ ಊಟಕ್ಕೆ ಕರೀತಿದಾನೋ?" ಎಂದು ಹಾಲಿಸ್ ಅಡುಗೆಮನೆಯಲ್ಲಿ ಗುಡುಗಿದ.

"ಈರುಳ್ಳಿ ಮೇಲೆ ಚಾಕು ಹಾಗೆ ಬೀಸಬೇಡ ಹಾಲಿಸ್. ಅದು ಯಾರನ್ನೂ ನೇಮಿಸಿಲ್ಲ," ಎಂದಳು ಹೆಂಡತಿ ವರ್ನಾ.

ಅವನ ಸಂಕಟಕ್ಕೆ ಹೊರದಾರಿಯೂ ಇರಲಿಲ್ಲ. ಪ್ರತಿ ಸಂಜೆ ಅಭಿಮಾನಿಗಳು ಫೋನ್ ಮಾಡಿ ಎದೆ ಹಗುರ ಮಾಡಿಕೊಳ್ಳುವ ರೇಡಿಯೋ ಕಾರ್ಯಕ್ರಮವೊಂದಿತ್ತು. ಹೋದ ವರ್ಷ ಒಂದು ಸೋಲಿನ ಬಳಿಕ ಹಾಲಿಸ್ ಅದರಲ್ಲಿ ಊರಿಗೆಲ್ಲ ಕೇಳಿಸುವಂತೆ ಬಿಕ್ಕಿಬಿಕ್ಕಿ ಅತ್ತಿದ್ದ. ಮಾರನೆಯ ಭಾನುವಾರ ಚರ್ಚಿನ ಹೆಂಗಸರು ವರ್ನಾಳಿಗೆ, ಸಾವಿನ ಮನೆಯವರಿಗೆ ಹೇಳುವಂತೆ ಸಮಾಧಾನ ಹೇಳಿದ್ದರು. ಅಂದೇ ಅವಳು ಗಂಡನಿಂದ ಮಾತು ತೆಗೆದುಕೊಂಡಳು: ಹಾಲಿಸ್ ಪೆಟಸ್ ಇನ್ನೊಮ್ಮೆ ರೇಡಿಯೋದಲ್ಲಿ ಬಾಯಿಬಿಟ್ಟರೆ, ಮೈದಾನದಲ್ಲಿ ಅವನಿಗೆ ಮೀಸಲಾದ ಕುರ್ಚಿ ಆ ವರ್ಷವಿಡೀ ಅವಳ ತಮ್ಮ ಡ್ವೈಟ್‌ಗೆ. ಅದು ಹಾಲಿಸ್‌ನ ಅಪ್ಪ ಕೂತ ಕುರ್ಚಿ. ಪೆಟಸ್ ವಂಶದವರಲ್ಲದೆ ಅನ್ಯರು ಸ್ಪರ್ಶಿಸದ ಸಿಂಹಾಸನ. ಡ್ವೈಟನಾದರೋ ನದಿಯಾಚೆಯ ವೈರಿ ಕಾಲೇಜಿನ ಭಕ್ತ.

ಮನುಷ್ಯನ ಮನಸ್ಸು ವಂಚಕ, ಸಹೋದರರೇ. ಹಾಲಿಸ್ ಹಿತ್ತಲಲ್ಲಿ ನಿಂತ ಪಿಕಪ್ ಹತ್ತಿ, ನಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ದನಿ ಗುರುತಾಗದಂತೆ ಫೋನಿಗೆ ಕರವಸ್ತ್ರ ಸುತ್ತಿ, "ನಾನು ಇನಾಕ್, ನದಿಯಾಚೆಯಿಂದ" ಎಂದು ಶುರುಮಾಡಿದ. (ಮಾತು ಕೊಟ್ಟವನು ಹಾಲಿಸ್, ಇನಾಕ್ ಅಲ್ಲ ಎಂಬುದು ಅವನ ಧರ್ಮಶಾಸ್ತ್ರ.) "ಆ ಲೂಮಿಸ್‌ನನ್ನ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದ್ರೂ ಒಳಗೆ ಬರೋ ಒಬ್ಬ ಮುದುಕೀನ ತಡೆಯೋಕಾಗಲ್ಲ ಅವನಿಗೆ," ಎಂದ. ಊರೆಲ್ಲ ನಕ್ಕಿತು. ಇನಾಕ್ ಮತ್ತೆ ಮತ್ತೆ ಫೋನ್ ಮಾಡಿದ.

ಅಷ್ಟರಲ್ಲಿ ವಿಧಿಯ ಆಟ ನೋಡಿ, ಲೂಮಿಸ್ ಕುಟುಂಬ ಬಂದಿಳಿದದ್ದು ಮಲ್ಬರಿ ಬೀದಿಗೇ. ಹೊಸಬರು ಬಂದರೆ ಅವರ ಒಲೆ ಹೊತ್ತುವ ಮುನ್ನ ಬೀದಿಯವರು ಊಟ ಒಯ್ಯಬೇಕು. ವರ್ನಾ ಕೋಳಿ-ಅನ್ನದ ಮೇಲೆ ಚೀಸ್ ಹರಡಿ ಬೇಯಿಸಿ, ಗಾಜಿನ ಪಾತ್ರೆಯ ತಳಕ್ಕೆ 'ಪೆಟಸ್' ಎಂದು ಬರೆದ ಪಟ್ಟಿ ಅಂಟಿಸಿದಳು.

"ನಾನು ಹೋಗಲ್ಲ. ಆ ರೂಮ್‌ಮೇಟ್‌ಗೆ ನನ್ನ ಮನೆ ಕೋಳಿ ಯಾಕೆ?"

"ಭಾನುವಾರ ಬೈಬಲ್ ಹಿಡಿದು ಹೇಳಿದ್ದೇನು ನೀನು? ಅತಿಥಿ ಸತ್ಕಾರ ಮರೀಬೇಡಿ, ಬಂದವನು ದೇವದೂತನೇ ಇರಬಹುದು ಅಂತ."

"ಅದು ದೇವದೂತರ ಬಗ್ಗೆ ಹೇಳಿದ್ದು."

"ತಣ್ಣಗಾಗ್ತಿದೆ. ಹೊರಡು ಮಹಾರಾಯ."

ಲೂಮಿಸ್ ಬಾಗಿಲು ತೆರೆದ. ಎತ್ತರದ, ದಣಿದ ಮನುಷ್ಯ. ಹಿಂದೆ ಬಿಚ್ಚದ ಪೆಟ್ಟಿಗೆಗಳ ಗೋಡೆ. ತಟ್ಟೆಗಳಿನ್ನೂ ಪೆಟ್ಟಿಗೆಯಲ್ಲೇ ಇದ್ದುದರಿಂದ ನಿಂತಲ್ಲೇ ಪಾತ್ರೆಗೆ ಫೋರ್ಕ್ ಹಾಕಿದ.

"ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ, ಸರ್."

"ಚರ್ಚಿನ ಗಾಯನದಲ್ಲಿ ಹಾಡ್ತೀನಿ," ಎಂದ ಹಾಲಿಸ್, ಬೆವರೊರೆಸಿಕೊಂಡು.

"ನಾವಿನ್ನೂ ನಿಮ್ಮ ಚರ್ಚಿಗೇ ಬಂದಿಲ್ಲ. ಇರಲಿ. ಈ ಊರಲ್ಲಿ ನಮ್ಮ ಪರವಾಗಿ ಬಂದ ಮೊದಲ ವಸ್ತು ಅಂದ್ರೆ ಈ ಕೋಳೀನೇ. ಇನಾಕ್ ಅಂತ ಒಬ್ಬ ಇದಾನಂತೆ. ಅವನ ಮಾತು ಕೇಳಿ ಕೇಳಿ ನಮ್ಮವಳು ರೇಡಿಯೋನ ಪೆಟ್ಟಿಗೆಗೆ ಹಾಕಿ ಮುಚ್ಚಿದ್ಲು." ಅವನು ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ.

ಕೋಳಿ-ಅನ್ನ ತಿಂದವನು ಲೂಮಿಸ್, ಗಂಟಲಲ್ಲಿ ಸಿಕ್ಕಿಕೊಂಡದ್ದು ಹಾಲಿಸ್‌ಗೆ.

ಪಾತ್ರೆಯನ್ನು ಬರಿದಾಗಿ ಮರಳಿಸುವಂತಿಲ್ಲ. ಆ ವಾರ ಲೂಮಿಸ್ ತಳದ ಹೆಸರು ನೋಡಿಕೊಂಡು ತಾನೇ ಬಂದು, ಅಕ್ರೋಟಿನಂಥ ಪೆಕಾನ್ ಬೀಜದ ಸಿಹಿ ಪೈ ತುಂಬಿದ ಪಾತ್ರೆಯನ್ನು ಕೊಟ್ಟುಹೋದ. ಹಿಟ್ಟು ಲಟ್ಟಿಸಿದ್ದೂ ಅವನೇ. ಹಾಲಿಸ್ ಎರಡು ತುಂಡು ತಿಂದು ಹಿತ್ತಲಿಗೆ ಹೋಗಿ, ಪಿಕಪ್‌ನಲ್ಲಿ ಕೂತು ರೇಡಿಯೋ ಹಾಕಿದ. ಹೆದ್ದಾರಿ ಕಡೆಯ ರಾಯ್ ಎಂಬವನು ಮಾತಾಡುತ್ತಿದ್ದ: "ಆ ಲೂಮಿಸ್‌ನನ್ನ ಚರ್ಚಿನ ಬಾಗಿಲಲ್ಲಿ ನಿಲ್ಲಿಸಿದ್ರೂ..."

ಹಾಲಿಸ್ ಫೋನ್ ಎತ್ತಿ ಕರೆ ಮಾಡಿಯೇಬಿಟ್ಟ. ಕರವಸ್ತ್ರ ನೆನಪಾಗಲಿಲ್ಲ.

"ನಾಚಿಕೆಯಾಗಲ್ವಾ ನಿಮಗೆ?" ಎಂದು ಫೋನಿನಲ್ಲಿ ಅಬ್ಬರಿಸಿದ. "ಆ ಮನುಷ್ಯ ಮೈದಾನಕ್ಕೆ ಕಾಲಿಡೋಕೆ ಮುಂಚೆನೇ ಶೂಲಕ್ಕೇರಿಸ್ತೀರಲ್ಲ. ಯಾವ ಮೂರ್ಖ ಆ ಮುದುಕಿ ಮಾತು ಹುಟ್ಟಿಸಿದ್ದು?"

"ಇನಾಕ್ ಸರ್, ನದಿಯಾಚೆಯವರು," ಎಂದ ನಿರೂಪಕ.

"ಅವನಂಥ ಹೇಡಿ ಇನ್ನೊಬ್ಬನಿಲ್ಲ. ಹೆಸರು ಹೇಳೋ ಧೈರ್ಯ ಇಲ್ಲದವನು. ನಾನು ಹೇಳ್ತೀನಿ ಕೇಳಿ: ಹಾಲಿಸ್ ಪೆಟಸ್, ಮಲ್ಬರಿ ಬೀದಿ. ಆ ಕೋಚ್ ಕೈಯಾರೆ ಮಾಡಿದ ಪೈ ತಿಂದಿದೀನಿ ನಾನು."

ಎದೆಯುಬ್ಬಿಸಿಕೊಂಡು ಅಡುಗೆಮನೆಗೆ ಬಂದರೆ, ವರ್ನಾಳ ರೇಡಿಯೋ ಅದೇ ಕಾರ್ಯಕ್ರಮದ ಕೊನೆಯ ಸಂಗೀತ ನುಡಿಸುತ್ತಿತ್ತು. ಆಗ ಅವನಿಗೆ ಕುರ್ಚಿ ನೆನಪಾಯಿತು.

"ತುಂಬ ಚೆನ್ನಾಗಿ ಮಾತಾಡ್ದೆ," ಎಂದಳು ಅವಳು. ಕಣ್ಣಂಚು ಒದ್ದೆಯಾಗಿತ್ತು. "ನಿನ್ನ ಕಟ್ಟಿಕೊಂಡಿದ್ದು ಸಾರ್ಥಕ ಅನ್ನಿಸ್ತು. ಡ್ವೈಟ್‌ಗೆ ಫೋನ್ ಮಾಡಿ ಹೇಳಿದೀನಿ, ಕುರ್ಚಿ ಅವನದು ಅಂತ."

"ವರ್ನಾ, ಇದು ಅನ್ಯಾಯ. ಬೈದಾಗ ಸುಮ್ಮನಿದ್ದು, ಹೊಗಳಿದಾಗ ಶಿಕ್ಷೆಯೇ?" ಎಂದವನು, ನಾಲಿಗೆ ಕಚ್ಚಿಕೊಂಡ.

"ನದಿಯಾಚೆಯ ಇನಾಕ್ ಮಾತಾಡುವಾಗಲೆಲ್ಲ ಹಿಂದೆ ನಮ್ಮ ನಾಯಿ ಯಾಕಪ್ಪಾ ಬೊಗಳ್ತಿತ್ತು? ಕೋಳಿ-ಅನ್ನ ನಿನ್ನ ಕೈಲೇ ಕಳಿಸಿದ್ದು ಮತ್ಯಾಕೆ ಅಂದ್ಕೊಂಡೆ? ಆದರೆ ಇನಾಕ್ ನನಗೇನೂ ಮಾತು ಕೊಟ್ಟಿರಲಿಲ್ಲ. ಇವತ್ತು ಮಾತಾಡಿದ್ದು ಹಾಲಿಸ್ ಪೆಟಸ್. ಬೀದಿ ಹೆಸರು ಸಮೇತ."

ಅವನದೇ ಧರ್ಮಶಾಸ್ತ್ರ, ಅವಳ ಬಾಯಲ್ಲಿ.

ಮೊದಲ ಪಂದ್ಯದ ದಿನ ವೈರಿ ಕಾಲೇಜಿನ ಬಣ್ಣದ ಟೋಪಿ ತೊಟ್ಟ ಡ್ವೈಟ್, ಅಕ್ಕನ ಪಕ್ಕ, ಆ ಸಿಂಹಾಸನದ ಮೇಲೆ ಕಾಲು ಚಾಚಿ ಕೂತ. ಹಾಲಿಸ್ ಪಿಕಪ್‌ನಲ್ಲಿ ನಾಯಿಯೊಡನೆ ರೇಡಿಯೋಕ್ಕೆ ಕಿವಿಯಾನಿಸಿದ. ಎದುರಾಳಿಗಳು ಮದುವೆ ದಿಬ್ಬಣದಂತೆಯೇ ಗೆರೆ ದಾಟುತ್ತಿದ್ದರು. ಅವನ ಕೈ ಜೇಬಿನ ಕರವಸ್ತ್ರವನ್ನು ಮುಟ್ಟಿತು. ಹಲ್ಲು ಕಚ್ಚಿ, ಪಿಕಪ್ ಇಳಿದು, ಅಡುಗೆಮನೆಗೆ ಹೋಗಿ ಕೋಳಿ ಬೇಯಲಿಟ್ಟ; ಗಡ್ಡ ಮೂಡದ ಆ ಸಹಾಯಕನ ಮನೆಗೆ ಇನ್ನೂ ಯಾರೂ ಏನೂ ಒಯ್ದಿರಲಿಲ್ಲ.

ಆದ್ದರಿಂದ, ಪ್ರಿಯರೇ, ಹೊಸದಾಗಿ ಬಂದವನೊಬ್ಬನ ಮೇಲೆ ನಿಮ್ಮ ನಾಲಿಗೆಯೂ ತುರಿಸಿದರೆ ದಯವಿಟ್ಟು ಹೀಗೇ ಮಾಡಿ. ಮೊದಲು ಒಂದು ಪಾತ್ರೆ ಊಟ ಅವನ ಬಾಗಿಲಿಗೆ ಒಯ್ಯಿರಿ, ಆಮೇಲೆ ಬೈಯುವುದಿದ್ದರೆ ಬೈಯಿರಿ. ಒಯ್ಯುವ ಮುನ್ನ ಪಾತ್ರೆಯ ತಳಕ್ಕೆ ನಿಮ್ಮ ನಿಜವಾದ ಹೆಸರನ್ನೇ ಅಂಟಿಸಿ.